ಮಾವ ಇಲ್ಲದ ಮನೆ

ಶೈಲಜಾಗೆ ಗಂಡು ಹುಡುಕಲು ಶುರು ಮಾಡಿದ ಮೇಲೆ, ಯಾವ ಮನೆಯ ವಿಷಯ ಬಂದರೂ ಅವಳ ತಾಯಿ ಗಂಗಾಂಬಿಕಾ ಮೊದಲು ವಿಚಾರಿಸುತ್ತಿದ್ದದ್ದು ಹುಡುಗನ ಅಪ್ಪ ಬದುಕಿದ್ದಾರೋ ಇಲ್ಲವೋ ಎಂದು. ಇದ್ದಾರೆ ಎಂದರೆ ಕಾಫಿ ಕೊಟ್ಟು, ಮಾತು ಬದಲಿಸಿ, ಬಂದವರನ್ನು ಕಳಿಸಿಬಿಡುತ್ತಿದ್ದಳು. ಇಲ್ಲ ಎಂದರೆ ಚಾಪೆ ಎಳೆದುಕೊಂಡು ಹತ್ತಿರ ಕೂರುತ್ತಿದ್ದಳು.

ಕಾರಣ ಚಳ್ಳಕೆರೆಯ ಆ ಮನೆಯ ಮೂವರಿಗೆ ಮತ್ತು ಗಂಡನ ಅಣ್ಣ ಬೊಮ್ಮಲಿಂಗಪ್ಪನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಶೈಲಜಾ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾದ ಹೆಣ್ಣು ಸೊಸೆಯಾಗಿ ಹೊಸಿಲು ದಾಟಿದರೆ ಆ ಮನೆಯ ಮಾವ ಉಳಿಯುವುದಿಲ್ಲ ಎಂದು ಜನ ನಂಬಿದ್ದರು. ಅಂಥ ಹೆಣ್ಣಿಗೆ ಮಾವ ಮೊದಲೇ ತೀರಿಕೊಂಡಿರುವ ಮನೆ ಹುಡುಕುವುದು ವಾಡಿಕೆ. ಪಂಚಾಂಗ ನೋಡುವ ಬೊಮ್ಮಲಿಂಗಪ್ಪ ಮಗು ತೊಟ್ಟಿಲಲ್ಲಿದ್ದಾಗಲೇ ಹೇಳಿಬಿಟ್ಟಿದ್ದ: "ಯಾರ ಹತ್ರಾನೂ ಬಾಯಿ ಬಿಡಬ್ಯಾಡ್ರಿ. ಕೇಳಿದ್ರೆ ಪೂರ್ವಾಷಾಢ ಅನ್ರಿ. ಪಕ್ಕದ ನಕ್ಷತ್ರಾನೇ, ದೊಡ್ಡ ಸುಳ್ಳೇನಲ್ಲ."

ಗಂಗಾಂಬಿಕಾಳ ಗಂಡ ಮುರುಗೇಶ್ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ. ಅವಳು ಮನೆಯಲ್ಲಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಸೀರೆಗಳು ಬರುತ್ತಿದ್ದದ್ದು ಮೊಳಕಾಲ್ಮೂರಿನ ತೋಟಪ್ಪನವರ ಮನೆಯಿಂದ. ಅವರಿಗೆ ಸ್ವಂತ ಮಗ್ಗಗಳಿದ್ದವು, ಪೇಟೆಯಲ್ಲಿ ಅಂಗಡಿ ಇತ್ತು. ಗಂಗಾಂಬಿಕಾ ಅವರನ್ನು ಅಣ್ಣಾರೇ ಎನ್ನುತ್ತಿದ್ದಳು. ಹಾಗಾಗಿ ಶೈಲಜಾಗೆ ಅವರು ಮಾಮ. ಅವಳು ಹೈಸ್ಕೂಲಿನಲ್ಲಿದ್ದಾಗ, ಒಂದು ಕುಚ್ಚು ಬಿಚ್ಚಿಹೋಗಿ ಗಿರಾಕಿ ಸೀರೆ ವಾಪಸ್ ತಂದಾಗಲೂ ತೋಟಪ್ಪ ಗದರಿರಲಿಲ್ಲ. "ಪರೀಕ್ಷೆ ಓದಿಸೋ ಗಡಿಬಿಡ್ಯಾಗೆ ಕೈ ಜಾರೈತೆ ಬಿಡು" ಎಂದು ನಕ್ಕಿದ್ದರು.

ಹೋದ ವರ್ಷ ಅವರೇ ಬಾಯಿಬಿಟ್ಟು ಕೇಳಿದ್ದರು. "ಗಂಗಮ್ಮಾ, ನಿನ್ನ ಮಗಳನ್ನ ನಮ್ಮ ಕೊಟ್ರೇಶನಿಗೆ ಕೊಡು. ಅವನು ಮಾತು ಕಮ್ಮಿ. ಮನ್ಯಾಗೆ ಮಾತಾಡೋರು ಒಬ್ರು ಬೇಕು ನಂಗೆ."

ಅಂಥ ಮನೆ, ಅಂಥ ಹುಡುಗ ತಾನಾಗಿ ಬರುವುದುಂಟೇ? ಕೊಟ್ರೇಶ ಸೀರೆ ತಂದಾಗಲೆಲ್ಲ ಶೈಲಜಾ ಒಳಗಿಂದ ನೀರು ತರುವ ನೆಪ ಹುಡುಕುವುದನ್ನು ತಾಯಿ ಕಂಡಿದ್ದಳು. ಆದರೆ ಕೇಳುತ್ತಿದ್ದವರೇ ಮಾವ, ಎದುರಿಗೆ ಕಲ್ಲುಗುಂಡಿನ ಹಾಗೆ ಕೂತಿದ್ದರು. "ಬಿ.ಎಡ್. ಮುಗೀಲಿ ಅಣ್ಣಾರೇ" ಎಂದಳು. ಬಿ.ಎಡ್. ಮುಗಿದ ಮೇಲೆ "ಒಂದು ಕೆಲಸ ಅಂತ ಆಗ್ಲಿ" ಎಂದಳು. ಕೆಲಸವೂ ಸಿಕ್ಕಿತು. ಆಗ ಇನ್ನೇನು ಹೇಳುವುದೆಂದು ತೋಚದೆ ಸೀರೆ ತರಲು ಹೋಗುವುದನ್ನೇ ಕಮ್ಮಿ ಮಾಡಿದಳು.

ಶೈಲಜಾ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದಳು. 2004ರ ಜೂನ್‌ನಲ್ಲಿ ಅವಳ ಪಾಲಿಗೆ ಬಂದದ್ದು ಆಕಾಶದ ಪಾಠ. ಕಾಲೇಜಿನಲ್ಲಿ ಅದನ್ನು ಅವಳಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಪುಸ್ತಕ ತಂದು ತಾನೇ ಓದಿಕೊಂಡು, ಸಂಜೆ ಕರೆಂಟು ಹೋದ ಕೂಡಲೇ ಮಾಳಿಗೆ ಹತ್ತಿ ತಾಯಿಯ ಮೇಲೆ ಪಾಠ ಪ್ರಯೋಗಿಸುತ್ತಿದ್ದಳು.

"ಅವ್ವಾ, ನೀನೇ ಈಗ ನನ್ನ ನೈಂತ್ ಬಿ ಸೆಕ್ಷನ್. ಕೇಳಿಸ್ಕೊ."

"ಕೇಳಿಸ್ಕೊಂತೀನಿ. ಗಂಟೆ ಹೊಡೀತಿದ್ದಂಗೆ ಬಿಡಬೇಕು ನೋಡು."

"ಚುಕ್ಕಿ ಹೆಂಗೆ ಹುಟ್ಟುತ್ತೆ? ಮೊದ್ಲು ಬರೀ ಧೂಳು, ಅನಿಲ. ದೊಡ್ಡ ಮೋಡ ಇದ್ದಂಗೆ. ಅದು ಕುಗ್ಗಿ ಕುಗ್ಗಿ, ಒಳಗೆ ಕಾವು ಏರಿ ಏರಿ, ಕೊನೆಗೆ ಹತ್ಕೊಳ್ಳುತ್ತೆ."

"ಹಿಟ್ಟು ಕಲಸಿ ಉಂಡೆ ಕಟ್ಟಿದಂಗಾ?"

"ಹಂಗೇ ಅನ್ಕೋ. ಆದ್ರೆ ಕಟ್ಟೋರು ಯಾರೂ ಇಲ್ಲ, ತನ್ನ ಭಾರಕ್ಕೆ ತಾನೇ ಉಂಡೆ ಆಗೋದು. ಆಮ್ಯಾಲೆ ಕೋಟಿಗಟ್ಟಲೆ ವರ್ಷ ಉರಿಯುತ್ತೆ. ಉರಿಯಕ್ಕೆ ಏನೂ ಉಳೀದಂಗಾದಾಗ ಉಬ್ಬಿ ಕೆಂಪಗಾಗುತ್ತೆ. ನಮ್ಮ ಸೂರ್ಯನಂಥದ್ದು ಆದ್ರೆ ಮೇಲಿನ ಪದರ ಎಲ್ಲ ಕಳಚಿಕೊಂಡು ಸಣ್ಣ ಬಿಳೀ ಕೆಂಡ ಆಗಿ ಉಳಿಯುತ್ತೆ. ಅದಕ್ಕಿಂತ ಬಾಳ ದೊಡ್ಡದಾದ್ರೆ ಸಿಡಿಯುತ್ತೆ. ಸಿಡಿದು ಚೆಲ್ಲಿದ್ದರಾಗೇ ಮುಂದಿನ ಚುಕ್ಕಿಗಳು ಹುಟ್ಟೋದು. ನಿನ್ನ ಸೂಜಿ ಐತಲ್ಲ, ಅದರ ಕಬ್ಬಿಣಾನೂ ಯಾವುದೋ ಚುಕ್ಕಿಯೊಳಗೇ ಆಗಿದ್ದು."

"ಸುಳ್ಳು. ಸಂತ್ಯಾಗೆ ತಂದಿದ್ದು ನಾನು."

ಇಬ್ಬರೂ ನಕ್ಕರು. ನಂತರ ಶೈಲಜಾ ದಕ್ಷಿಣಕ್ಕೆ ಕೈ ಮಾಡಿದಳು. ಊರೆಲ್ಲ ಕತ್ತಲಾಗಿದ್ದರಿಂದ ಆ ಕಡೆಯ ಆಕಾಶ ಚೆನ್ನಾಗಿ ತೆರೆದುಕೊಂಡಿತ್ತು. "ಅಲ್ಲಿ ನೋಡು, ಚೇಳು ಕಾಣುತ್ತಾ? ಎದೆ ಮ್ಯಾಲೆ ಕೆಂಪಗಿರೋದು ಜ್ಯೇಷ್ಠಾ. ಕೆಳಗೆ ಬಾಲ ಮಡಚಿ ಕೊಂಡಿ ಎತ್ತೈತಲ್ಲ, ಅದು ಮೂಲಾ. ಅದೇ ನಾನು."

"ಮೆಲ್ಲಗೆ ಮಾತಾಡೇ! ಪಕ್ಕದ ಮಾಳಿಗ್ಯಾಗೆ ಪಾಲಮ್ಮ ಹಪ್ಪಳ ಎತ್ತುತಾವ್ಳೆ."

"ಅವ್ಳೂ ಕೇಳ್ಲಿ ಬಿಡು. ಆ ಕೊಂಡಿ ಪಕ್ಕದಾಗೆ ಹಾಲು ಚೆಲ್ಲಿದಂಗೆ ಐತಲ್ಲ, ನಮ್ಮ ಗೆಲಾಕ್ಸಿಯ ನಟ್ಟನಡುವು ಇರೋದು ಆ ದಿಕ್ಕಿಗೆ. ಸೂರ್ಯ, ಭೂಮಿ, ಚಳ್ಳಕೆರೆ, ಅಪ್ಪನ ಎಣ್ಣೆ ಮಿಲ್ಲು, ಎಲ್ಲ ಸುತ್ತೋದು ಅದನ್ನೇ. ಮೂಲಾ ಅಂತ ಸುಮ್ನೆ ಹೆಸರಿಟ್ಟಿಲ್ಲ ಅನ್ಸುತ್ತೆ ನಂಗೆ."

"ಸುತ್ತಲಿ. ಅದನ್ನ ಗಂಡಿನ ಮನೇರಿಗೆ ಹೇಳಿದ್ರೆ ಒಪ್ತಾರಾ?"

ಶೈಲಜಾ ಎತ್ತಿದ ಕೈ ಇಳಿಸಿದಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಚೇಳು ಮಸುಕಾಯಿತು.

ಆಷಾಢದ ಮೊದಲ ವಾರ ಮೊಳಕಾಲ್ಮೂರಿನಿಂದ ಸುದ್ದಿ ಬಂತು: ತೋಟಪ್ಪನವರಿಗೆ ಲಕ್ವ ಹೊಡೆದಿದೆ, ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತು ತೊದಲುತ್ತಿದೆ, ಬಳ್ಳಾರಿಗೆ ಕರೆದುಕೊಂಡು ಹೋಗಿ ತೋರಿಸಿ ಬಂದಿದ್ದಾರೆ.

ಗಂಗಾಂಬಿಕಾ ಕೂತಲ್ಲೇ ಅತ್ತಳು. ಆ ಅಳು ನಿಜವಾದದ್ದೇ. ಅದೇ ಸಂಜೆ ಬೊಮ್ಮಲಿಂಗಪ್ಪ ಬಂದು, ಟೀ ಕುಡಿದು, ಲೋಟ ಕೆಳಗಿಡುತ್ತ ಹೇಳಿದ: "ಮುರುಗೇಶಾ, ಆ ಸಂಬಂಧ ಕೈ ಬಿಡಬ್ಯಾಡಲೇ. ಸ್ವಲ್ಪ ತಡ್ಕೊಳ್ಳಿ. ಆಷಾಢದಾಗೆ ಹೆಂಗೂ ಯಾರೂ ಮದುವೆ ಮಾತಾಡಲ್ಲ. ದೇವರೇ ದಾರಿ ಬಿಡಿಸ್ತಾ ಅವ್ನೆ ಅನ್ಸುತ್ತೆ."

ಯಾವ ದಾರಿ ಎಂದು ಯಾರೂ ಕೇಳಲಿಲ್ಲ. ಮುರುಗೇಶ್ ಗೋಡೆಯ ಮೊಳೆಯಿಂದ ಅಂಗಿ ತೆಗೆದುಕೊಂಡು ಪಾಳಿಗೆ ಹೊರಟುಹೋದ. ಲೋಟ ತೊಳೆಯುತ್ತ ಗಂಗಾಂಬಿಕಾ ಆ ಮಾತನ್ನು ಒಂದು ಸಲ ಮನಸ್ಸಿನಲ್ಲಿ ತಿರುವಿ ನೋಡಿದಳು. ಥೂ ಎನ್ನಿಸಿತು. ಮತ್ತೆ ಇನ್ನೊಂದು ಸಲ ತಿರುವಿದಳು.

ಭಾನುವಾರ ತಾಯಿ ಮಗಳು ಬ್ರೆಡ್ಡು ಮೋಸಂಬಿ ಕಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದರು. ತಳಕು ದಾಟಿ, ಬಿ.ಜಿ. ಕೆರೆಯಲ್ಲಿ ಬಸ್ಸಿನ ಟಯರು ಪಂಕ್ಚರಾಗಿ, ಮೊಳಕಾಲ್ಮೂರಿನ ಬಂಡೆಗುಡ್ಡಗಳ ಮೇಲೆ ಬಿಸಿಲು ಹಳದಿಯಾಗುವ ಹೊತ್ತಿಗೆ ತೋಟಪ್ಪನವರ ಮನೆ ಸೇರಿದರು. ಅಡುಗೆಮನೆಯಲ್ಲಿ ತೋಟಪ್ಪನವರ ಹೆಂಡತಿ ಕೊಟ್ರಮ್ಮ ಒಲೆಯ ಮುಂದೆ ಇದ್ದರು.

"ಡಾಕ್ಟ್ರು ಏನಂತಾರೆ ಅತ್ತಿಗೇರೇ?" ಗಂಗಾಂಬಿಕಾ ಕೇಳಿದಳು.

"ಕಾಯಬೇಕು ಅಂದಾರವ್ವ. ಇನ್ನೊಂದು ಸಲ ಹೊಡೆದ್ರೆ ಕಷ್ಟ ಅಂದಾರೆ."

"ಇನ್ನೊಂದು ಸಲ ಹೊಡೆಯೋದು ಉಂಟಾ?"

"ಉಂಟಂತೆ. ವರ್ಷದೊಳಗೆ ಬಾಳ ಮಂದಿಗೆ ಹಂಗಾಗುತ್ತಂತೆ." ಕೊಟ್ರಮ್ಮ ಅವಳ ಹೆಗಲ ಮೇಲೆ ಹಣೆಯಿಟ್ಟು ಬಿಕ್ಕಿದರು. "ನಿನಗಾದ್ರೂ ಕೇಳಬೇಕು ಅನ್ನಿಸ್ತಲ್ಲ. ಒಡಹುಟ್ಟಿದೋರು ಒಬ್ರೂ ಇಷ್ಟು ವಿಚಾರಿಸಲಿಲ್ಲ."

ಅವರ ಬೆನ್ನು ಸವರುತ್ತ ಗಂಗಾಂಬಿಕಾಗೆ ತನ್ನ ಕೈಯನ್ನು ಎಲ್ಲಾದರೂ ಬಚ್ಚಿಡಬೇಕು ಎನ್ನಿಸಿತು. ಅವಳ ಲೆಕ್ಕದಲ್ಲಿ ಆಗಲೇ ಒಂದು ವರ್ಷ ಎಂಬುದು ಕೂತಾಗಿತ್ತು.

ಕೊನೆಯ ಬಸ್ಸು ಹೋಗಿದ್ದರಿಂದ ಅಲ್ಲೇ ಉಳಿದರು. ಸೆಕೆ ಎಂದು ಸಂಜೆ ಕೊಟ್ರೇಶ ಅಪ್ಪನನ್ನು ಹೊತ್ತು ಮಾಳಿಗೆಯ ಮೇಲೆ ಮಲಗಿಸುತ್ತಿದ್ದ. ಊಟವಾದ ಮೇಲೆ ಎಲ್ಲರೂ ಅಲ್ಲಿ ಸೇರಿದರು. ತೋಟಪ್ಪನವರ ಬಾಯಿ ಒಂದು ಕಡೆಗೆ ಜಗ್ಗಿತ್ತು, ಕಣ್ಣಲ್ಲಿ ಮಾತ್ರ ಹಳೆಯ ತುಂಟತನವಿತ್ತು.

"ಟೀಚರಮ್ಮಾ, ಯಾವ ಪಾಠ ನಡೀತೈತಿ?"

"ಚುಕ್ಕಿ ಪಾಠ ಮಾಮ."

"ನಂದೂ ಅದೇ ಪಾಠ ನೋಡು. ಅಂಗಾತ ಬಿದ್ದೋನಿಗೆ ಇನ್ನೇನು ಕಾಣ್ತೈತೆ? ಆ ಕೆಂಪಂದು ಯಾವುದು?"

"ಜ್ಯೇಷ್ಠಾ. ಅದು ಮುದಿ ಚುಕ್ಕಿ ಮಾಮ. ಉಬ್ಬೈತೆ. ಒಳಗೆ ಉರಿಯೋದು ಮುಗೀತಾ ಬಂದೈತೆ."

"ನನ್ನಂಗೆ."

"ಅಯ್ಯೋ ಬಿಡಿ ಮಾಮ. ಅದು ನಮ್ಮ ಸೂರ್ಯನಂಥವನ್ನ ಕೋಟಿಗಟ್ಟಲೆ ನುಂಗುವಷ್ಟು ದೊಡ್ಡದು."

"ಯಾವಾಗ ಹೋಗ್ತೈತೆ?"

"ಹೇಳಕ್ಕಾಗಲ್ಲ. ನಾಳೆ ಸಿಡೀಬಹುದು, ಲಕ್ಷಾಂತರ ವರ್ಷ ಇರಲೂಬಹುದು."

"ಬಳ್ಳಾರಿ ಡಾಕ್ಟ್ರೂ ಹಂಗೇ ಹೇಳಿದ್ದು" ಎಂದು ತೋಟಪ್ಪ ನಕ್ಕರು. ನಗುವಿನ ಜೊತೆ ಜೊಲ್ಲು ಇಳಿಯಿತು, ಕೊಟ್ರೇಶ ಟವಲಿನಿಂದ ಒರೆಸಿದ. ಶೈಲಜಾಳ ಹುರುಪು ಇನ್ನೂ ಹೆಚ್ಚಾಯಿತು. ಅದರ ಬೆಳಕು ಇಲ್ಲಿಗೆ ಬರಲು ಐನೂರಕ್ಕೂ ಹೆಚ್ಚು ವರ್ಷ ಬೇಕು, ಈಗಾಗಲೇ ಸಿಡಿದುಹೋಗಿದ್ದರೂ ನಮಗೆ ಸುದ್ದಿ ಸಿಕ್ಕಿರುವುದಿಲ್ಲ ಎಂದಳು. ಹಾಲಿನಂಥ ಪಟ್ಟೆಯಲ್ಲಿರುವುದೆಲ್ಲ ಚುಕ್ಕಿಗಳೇ, ಎಣಿಸಲು ಬಾರದಷ್ಟು, ನಾವೂ ಅದರೊಳಗೇ ಇದ್ದೇವೆ ಎಂದಳು. ಮಾತು ಕಡಿಮೆಯ ಕೊಟ್ರೇಶನೂ ಬಾಯಿ ಬಿಟ್ಟ. "ಒಳಗಿದ್ಕೊಂಡು ಅದರ ಆಕಾರ ಹೆಂಗೆ ಕಂಡುಹಿಡಿದ್ರು?"

"ಒಳ್ಳೆ ಪ್ರಶ್ನೆ!" ಎಂದು ಶೈಲಜಾ ಕ್ಲಾಸಿನಲ್ಲಿ ಅನ್ನುವ ಹಾಗೇ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ತೋಟಪ್ಪ ಮಗನ ಮುಖವನ್ನೂ ಅವಳ ಮುಖವನ್ನೂ ನೋಡಿದರು. ಆ ಎರಡೂ ಮುಖಗಳನ್ನು ಗಂಗಾಂಬಿಕಾಳೂ ನೋಡಿದಳು.

"ಕೆಳಗೆ ಕೊಂಡಿ ಇದ್ದಂಗೈತಲ್ಲ, ಅದು?" ತೋಟಪ್ಪ ಕೇಳಿದರು.

ಶೈಲಜಾ ತಾಯಿಯ ಕಡೆ ಒಮ್ಮೆ ನೋಡಿದಳು. "ಅದು ಮೂಲಾ ಮಾಮ."

"ಓಹೋ, ಮೂಲಾ ಅದೇನಾ? ಮಂದಿ ಅಷ್ಟು ಹೆದರ್ತಾರೆ, ನೋಡಕ್ಕೆ ಎಷ್ಟು ಲಕ್ಷಣವಾಗೈತೆ."

ಆಗ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗಂಗಾಂಬಿಕಾಳ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ನಮ್ಮನ್ಯಾಗೆ ಆ ನಕ್ಷತ್ರದೋರು ಯಾರೂ ಇಲ್ಲ ಅಣ್ಣಾರೇ. ಶೈಲಜಾಂದು ಪೂರ್ವಾಷಾಢ."

ತೋಟಪ್ಪ "ಹೂಂ" ಎಂದರು. ಶೈಲಜಾ ಆಕಾಶದಿಂದ ಕಣ್ಣು ಇಳಿಸಿದಳು. ಆಮೇಲೆ ಅವಳು ಪಾಠ ಮುಂದುವರಿಸಲಿಲ್ಲ. ತಲೆನೋವು ಎಂದು ಹೇಳಿ ಕೆಳಗಿಳಿದುಹೋದಳು.

ಶ್ರಾವಣದಲ್ಲಿ ಒಂದು ದಿನ ಕೊಟ್ರೇಶ ಸೀರೆಯ ಗಂಟಿನೊಂದಿಗೆ ಚಳ್ಳಕೆರೆಗೆ ಬಂದ. ಗಂಗಾಂಬಿಕಾ ಕಿಟಕಿಯ ಪಕ್ಕ ಕುಚ್ಚು ಕಟ್ಟುತ್ತಿದ್ದಳು, ಶೈಲಜಾ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಅವನು ಒಳಗೆ ಕಾಲಿಡುತ್ತಲೇ ಹೇಳಿದ: "ಅತ್ತೇರೇ, ಅಪ್ಪಾಜಿ ಎದ್ದು ಓಡಾಡ್ತಾವ್ರೆ! ಕೋಲು ಹಿಡ್ಕೊಂಡು ಅಂಗಡಿಗೂ ಬಂದಿದ್ರು. ಗಂಡಾಂತರ ಕಳೀತು ಅಂದ್ರು ಡಾಕ್ಟ್ರು."

"ಅಯ್ಯೋ" ಎಂದಳು ಗಂಗಾಂಬಿಕಾ.

ಬಿರುಬೇಸಿಗೆಯಲ್ಲಿ ಒಂದು ಮೋಡ ಬಂದು, ಹನಿ ಉದುರಿಸದೆ ಮುಂದೆ ಹೋದರೆ ಬಾಯಿಗೆ ಬರುವಂಥ ಅಯ್ಯೋ ಅದು. ಮುಖ ಜೋತುಬಿತ್ತು. ಬೆರಳ ಸಂದಿಯ ಎಳೆಗಳು ಬಿಟ್ಟುಹೋದವು. ಕೂಡಲೇ ಸರಿಪಡಿಸಿಕೊಂಡು, "ದೇವರು ದೊಡ್ಡೋನು ಕಣಪ್ಪಾ, ಒಳ್ಳೇ ಸುದ್ದಿ ತಂದೆ" ಎಂದಳು. ಕೊಟ್ರೇಶ ಗಮನಿಸಲಿಲ್ಲ. ಖುಷಿಯಲ್ಲಿದ್ದ, ನೀರು ಕುಡಿದು ಹೊರಟ.

ಶೈಲಜಾ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. "ಅವ್ವಾ, ನೀನು ಅಯ್ಯೋ ಅಂದೆ."

"ಸಂತೋಷಕ್ಕೆ ಅಂದೆ."

"ನಿನ್ನ ಮುಖ ನೋಡಿದೆ ನಾನು."

"ಏನು ನೋಡ್ದೆ? ಪೇಪರ್ ತಿದ್ದು."

"ಅವರು ಹುಷಾರಾದ್ರು ಅಂತ ನಿಂಗೆ ಬ್ಯಾಸರ ಆತು. ಮಾಮ ಸಾಯ್ಲಿ ಅಂತ ಕಾದ್ಕೊಂಡಿದ್ಯಾ ನೀನು?"

ಗಂಗಾಂಬಿಕಾಗೆ ಸಿಟ್ಟು ಬಂತು. ಸಿಕ್ಕಿಬಿದ್ದಾಗ ಬರುವ ಸಿಟ್ಟು ಅದು. "ಹೌದು ಕಣೇ, ಕಾದೆ! ನಿನಗೋಸ್ಕರ ಕಾದೆ. ಅವನು ಬಂದ್ರೆ ನೀರಿನ ಚೊಂಬು ಹುಡುಕೋಳು ಯಾರು, ನಾನಾ? ಒಂದು ಚುಕ್ಕಿ ಹೋದ ಮ್ಯಾಲೇ ಇನ್ನೊಂದು ಹುಟ್ಟೋದು ಅಂತ ಪಾಠ ಮಾಡ್ದೋಳು ನೀನೇ ಅಲ್ವಾ?"

ಶೈಲಜಾ ಪೇಪರುಗಳನ್ನು ಜೋಡಿಸಿ ಎದ್ದಳು. "ಯಾವ ಚುಕ್ಕೀನೂ ಪಕ್ಕದ ಚುಕ್ಕಿ ಯಾವಾಗ ಸಾಯುತ್ತೆ ಅಂತ ಮೋಸಂಬಿ ಹಿಡ್ಕೊಂಡು ಹೋಗಿ ನೋಡಲ್ಲ ಅವ್ವಾ."

ಅಷ್ಟು ಹೇಳಿ ಪೇಪರುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಇಳಿಯಿತು. ಉಪ್ಪು ಕೊಡು, ಬಸ್ಸಿಗೆ ಹೊತ್ತಾಯ್ತು, ಕರೆಂಟು ಬಂತು. ಸಂಜೆ ಮಗಳು ಒಬ್ಬಳೇ ಮಾಳಿಗೆ ಹತ್ತುತ್ತಿದ್ದಳು. ಗಂಗಾಂಬಿಕಾ ಮೆಟ್ಟಿಲ ತನಕ ಹೋಗಿ ವಾಪಸ್ ಬರುತ್ತಿದ್ದಳು. ಮಗಳ ಮುಂದೆ ಇಷ್ಟು ಸಣ್ಣವಳಾಗಿ ಅವಳು ಯಾವತ್ತೂ ಕೂತಿರಲಿಲ್ಲ. ಮುರುಗೇಶ್‌ಗೆ ಹೇಳಿಕೊಂಡರೆ, "ನಂಗೂ ಹಂಗೇ ಅನ್ನಿಸಿತ್ತು ಕಣೇ, ಬಾಯಿಬಿಟ್ಟು ಅನ್ನಲಿಲ್ಲ ಅಷ್ಟೇ" ಎಂದ. ಅದರಿಂದ ನಾಚಿಕೆ ಹಗುರವಾಗಲಿಲ್ಲ. ಒಬ್ಬಳದಾಗಿದ್ದದ್ದು ಇಬ್ಬರದಾಯಿತು.

ಸೀರೆಗಳು ಮುಗಿದ ದಿನ ಮುರುಗೇಶ್ ತಾನು ಕೊಟ್ಟು ಬರುತ್ತೇನೆ ಎಂದ. ಅವಳು ಬೇಡ ಎಂದು ಒಬ್ಬಳೇ ಬಸ್ಸು ಹತ್ತಿದಳು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸುತ್ತ ಹೋದಳು. ಮೊಳಕಾಲ್ಮೂರಿನಲ್ಲಿ ಇಳಿದಾಗ ಜೋಡಿಸಿದ್ದರಲ್ಲಿ ಒಂದೂ ಬಾಯಲ್ಲಿ ಉಳಿದಿರಲಿಲ್ಲ.

ತೋಟಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಕೋಣೆಯಲ್ಲಿ ಮಗ್ಗ ಲಟಪಟ ಎನ್ನುತ್ತಿತ್ತು. ಸೀರೆ ಬಿಚ್ಚಿ, ಎಡಗೈಯಿಂದ ಕುಚ್ಚುಗಳನ್ನು ಸವರಿ ನೋಡಿದರು. "ಚೆನ್ನಾಗೈತೆ. ಮಗಳು ಹೆಂಗವ್ಳೆ?"

"ಅಣ್ಣಾರೇ, ಅವಳು ಹುಟ್ಟಿದ್ದು ಮೂಲಾದಾಗೆ."

ಅವರ ಕೈ ಕುಚ್ಚಿನ ಮೇಲೆ ನಿಂತಿತು. "ಗೊತ್ತೈತೆ."

"ಯಾರು ಹೇಳಿದ್ರು?"

"ನೀನೇ. ಅವತ್ತು ಮಾಳಿಗೆ ಮ್ಯಾಲೆ ಯಾರೂ ಕೇಳದೇ ಇದ್ರೂ ನಮ್ಮನ್ಯಾಗೆ ಇಲ್ಲ ಅಂದ್ಯಲ್ಲ. ಸೀರೆ ವ್ಯಾಪಾರ ಮಾಡೋನು ಗಂಗಮ್ಮ ನಾನು. ಗಿರಾಕಿ ಕೇಳೋಕ್ಕೆ ಮುಂಚೆ ಅಂಗಡಿಯೋನು ಬಣ್ಣ ಬಿಡಲ್ಲ ಅಂದ ಅಂದ್ರೆ, ಆ ಸೀರೆ ಬಣ್ಣ ಬಿಡ್ತೈತೆ ಅಂತ ತಿಳ್ಕೋ." ನಗಲು ಹೋದರು, ಬಾಯಿ ಒಂದೇ ಕಡೆ ಎದ್ದಿತು. "ವರ್ಷದಿಂದ ಸುತ್ತಾಡಿಸ್ತಿದ್ದದ್ದು ಇದಕ್ಕೇ ಅನ್ನು."

"ಹೂಂ."

"ಆಷಾಢದಾಗೆ ಬಂದ್ಯಲ್ಲ, ನನ್ನ ನೋಡಕ್ಕೆ ಬಂದ್ಯಾ, ಕಾಯಕ್ಕೆ ಬಂದ್ಯಾ?"

ನೋಡಕ್ಕೆ ಎಂದರೆ ಅವರು ಒಪ್ಪಿಕೊಳ್ಳುತ್ತಿದ್ದರು. ಅವರು ಅಂಥ ಮನುಷ್ಯ, ಅದು ಅವಳಿಗೆ ಗೊತ್ತಿತ್ತು. "ಎರಡಕ್ಕೂ" ಎಂದಳು.

"ಹುಷಾರಾದೆ ಅಂತ ಕೇಳಿದಾಗ?"

"ಬ್ಯಾಸರ ಆತು ಅಣ್ಣಾರೇ."

ಮಗ್ಗ ನಿಂತಿತು. ಕಡಿದ ಎಳೆಯನ್ನು ಯಾರೋ ಒಳಗೆ ಕೂಡಿಸುತ್ತಿದ್ದರು. ಮತ್ತೆ ಲಟಪಟ ಶುರುವಾಯಿತು. ತೋಟಪ್ಪ ಸೀರೆಯನ್ನು ಒಂದೇ ಕೈಯಲ್ಲಿ ಮಡಚಲು ನೋಡಿದರು, ಆಗಲಿಲ್ಲ. ಗಂಗಾಂಬಿಕಾ ಕೈ ಚಾಚಲು ಹೋಗಿ ಹಿಂದಕ್ಕೆ ತೆಗೆದುಕೊಂಡಳು.

"ನಾನೇನು ದೊಡ್ಡ ಮನುಷ್ಯ ಅಲ್ಲ ಗಂಗಮ್ಮ" ಎಂದರು ಕೊನೆಗೆ. "ಅವತ್ತು ನೀವು ಹೋದ ಮ್ಯಾಲೆ ದಿನಾ ಆ ಕೊಂಡಿ ನೋಡ್ತಾ ಮಲಗ್ತಿದ್ದೆ. ಆ ಹುಡುಗಿ ಹೇಳಿದ್ದೆಲ್ಲ ತಲೆಗೆ ಹೋಗೈತೆ. ಅಷ್ಟು ದೂರ ಇರೋದಕ್ಕೂ ನನಗೂ ಏನು ಸಂಬಂಧ ಅಂತ ತಲೆ ಕೇಳ್ತೈತೆ. ಎದೆ ಕೇಳಲ್ಲ. ಒಂದು ಸಲ ಸಾವಿನ ಬಾಗಿಲು ನೋಡಿ ಬಂದೋನು. ಹೆದರಿಕೆ ಐತೆ. ಬದುಕಬೇಕು ಅಂತ ಆಸೇನೂ ಐತೆ."

"ನಾನು ಕೇಳಕ್ಕೆ ಬಂದಿಲ್ಲ ಅಣ್ಣಾರೇ. ಹೇಳಕ್ಕೆ ಬಂದೆ."

"ಕೊಟ್ರೇಶನಿಗೆ ನಾನೇ ಹೇಳ್ತೀನಿ, ಎಲ್ಲ. ಅವನೂ ನಿನ್ನ ಮಗಳೂ ಕೂತು ಮಾತಾಡ್ಕೊಳ್ಳಲಿ. ಅವರು ಬೇಕು ಅಂದ್ರೆ ನಾನು ಅಡ್ಡ ಬರಲ್ಲ. ಆದ್ರೆ ಇವತ್ತು ಖುಷಿಯಿಂದ ಹೂಂ ಅನ್ನು ಅಂದ್ರೆ ನಂಗೆ ಬರ್ತಿಲ್ಲ."

ಅವಳು ತಲೆಯಾಡಿಸಿದಳು. ಎದ್ದು ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದಳು. ಅಷ್ಟರಲ್ಲಿ ಕೊಟ್ರಮ್ಮ ಎರಡು ತಟ್ಟೆ ಹಿಡಿದು ಬಂದರು. ಅವರಿಗೆ ಯಾವುದೂ ಗೊತ್ತಿರಲಿಲ್ಲ. "ಉಣ್ಣದೇ ಹೋಗ್ತೀಯಾ? ಕೂತ್ಕೊ ಸುಮ್ನೆ. ಇವರಿಗೂ ಜತೆ ಆಗುತ್ತೆ" ಎಂದು ಬಿಸಿ ಮುದ್ದೆ, ಕಾಳಿನ ಸಾರು ಬಡಿಸಿ, ಮಜ್ಜಿಗೆ ತರಲು ಒಳಗೆ ಹೋದರು.

ತೋಟಪ್ಪ ಎಡಗೈಯಲ್ಲಿ ಮುದ್ದೆ ಮುರಿಯಲು ಹೋದರು. ಬೆರಳುಗಳಿಗೆ ಅದು ರೂಢಿಯಿರಲಿಲ್ಲ. ಮುದ್ದೆ ತಟ್ಟೆಯ ಅಂಚಿಗೆ ಜಾರಿತು, ಸಾರು ಪಂಚೆಯ ಮೇಲೆ ಚೆಲ್ಲಿತು. ಅವರು ಒಳಗಿನ ಬಾಗಿಲ ಕಡೆ ನೋಡಿದರು. ಕೊಟ್ರಮ್ಮ ಇನ್ನೂ ಬಂದಿರಲಿಲ್ಲ. ಆಮೇಲೆ ತಟ್ಟೆಯನ್ನು ಗಂಗಾಂಬಿಕಾಳ ಕಡೆಗೆ ಸ್ವಲ್ಪ ತಳ್ಳಿದರು.

ಅವಳು ಅವರ ಮುಖ ನೋಡಲಾರದೆ ತಟ್ಟೆಯನ್ನೇ ನೋಡುತ್ತ, ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ ಸಣ್ಣ ಸಣ್ಣ ತುತ್ತು ಮಾಡಿ ಅಂಚಿನಲ್ಲಿ ಸಾಲಾಗಿ ಇಟ್ಟಳು. ಅವರು ಒಂದೊಂದನ್ನೇ ಎತ್ತಿ ನುಂಗಿದರು. ಗಂಟಲಲ್ಲಿ ಅದು ಇಳಿಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು.

"ಇಷ್ಟು ಸಣ್ಣ ತುತ್ತು ಯಾವ ಮೂಲೆಗೆ ಸಾಲ್ತೈತೆ?" ಎಂದರು ತೋಟಪ್ಪ. "ದೊಡ್ಡದು ಮಾಡು. ಹಸಿವೈತೆ ನಂಗೆ."

ಅವಳು ದೊಡ್ಡದು ಮುರಿದಳು.